ಏಳು ಹೆಸರುಗಳ ಹಾಜರಿ

ಮೊನ್ನೆ ಜೋಳ ಬೀಸಿಸಿಕೊಂಡು ಬರಲು ಗಿರಣಿಗೆ ಹೋಗಿದ್ದೆ. ಬಿಸಿ ಹಿಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮೂರು ಆನವಟ್ಟಿಯ ಗಿರಣಿ ಅಜ್ಜ ಎದುರಿಗೆ ಬಂದು ನಿಂತಂತಾಯಿತು. ಹುಬ್ಬಿಗೂ ಹಿಟ್ಟು, ಬಾಯಿ ಮಾತ್ರ ಜೋರು...

ಅಜ್ಜ ಎರಡನೇ ಮಹಾಯುದ್ಧದ ಕಾಲದಲ್ಲಿ ಸರಕಿನ ಹಡಗಿನ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದವರು. ಅವರು ಹಡಗಿನ ಕಥೆ ತೆಗೆದರೆ ಸಮುದ್ರವನ್ನೇ ನೋಡದ ನಾವು, “ಶುರುವಾಯ್ತು ಅಜ್ಜನ ಪುರಾಣ” ಎಂದು ನಗುತ್ತಿದ್ದೆವು. ನಾನೂ ನಕ್ಕವಳೇ, ಸುಳ್ಳೇಕೆ ಹೇಳಲಿ.

ಯುದ್ಧ ಮುಗಿದು ಐವತ್ತು ವರ್ಷವಾದಾಗ ಶಿಕಾರಿಪುರದಲ್ಲಿ ಆ ಕಾಲದ ಸೈನಿಕರಿಗೆ, ನಾವಿಕರಿಗೆ ಸನ್ಮಾನ ಏರ್ಪಾಡಾಯಿತು. ನಮ್ಮ ಸೊರಬ ತಾಲ್ಲೂಕಿನವರೂ ಸೇರಿದ್ದರು. ಹೊಸದಾಗಿ ಟೀಚರಾಗಿದ್ದ ನನಗೆ ವೇದಿಕೆಯಲ್ಲಿ ಹೆಸರು ಓದುವ ಕೆಲಸ. ಪಟ್ಟಿಯಲ್ಲಿ ಅಜ್ಜನೇ ಇಲ್ಲ! ಸನ್ಮಾನ ಸಮಿತಿಯ ಕಾರ್ಯದರ್ಶಿಯನ್ನು ಕೇಳಿದರೆ, “ಅವರು ಬಂದೂಕು ಹಿಡಿದೋರಲ್ಲರೀ, ಕಲ್ಲಿದ್ದಲು ಹಾಕಿದೋರು” ಎಂದರು.

“ಕಲ್ಲಿದ್ದಲು ಹಾಕದಿದ್ರೆ ಆ ಬಂದೂಕು ಸಮುದ್ರ ಹೆಂಗ್ರೀ ದಾಟ್ತಿದ್ವು?” ಎಂದೆ. ಎಲ್ಲಿತ್ತೋ ಆ ಧೈರ್ಯ! ಅವರು ಪೆನ್ನು ತೆಗೆದು ಹೆಸರು ಸೇರಿಸಿಕೊಂಡರು.

ಸುದ್ದಿ ತಿಳಿಸಲು ಹೋದರೆ ಅಜ್ಜ ಹಿಗ್ಗಲಿಲ್ಲ. ಒಳಗಿನಿಂದ ಚೀಟಿಯೊಂದನ್ನು ತಂದು ಕೈಗಿಟ್ಟರು. ಅದರಲ್ಲಿ ಏಳು ಹೆಸರು.

“ನಂದು ಹೆಂಗಾರ ಇರ್ಲಿ ಅಕ್ಕೋರೆ, ಇವನ್ನ ಓದ್ರಿ. ಹಡಗು ಮುಳುಗಿದ ಮೇಲೆ, ಉಳಿದೋರು ಯಾರು ಅಂತ ಹೆಸರು ಕೂಗಿದ್ರು. ಈ ಏಳು ಮಂದಿ ಹಾಜರ್ ಅನ್ಲಿಲ್ಲ... ಆಮೇಲೆ ಇವರ ಹೆಸರು ಯಾರೂ ಕೂಗೇ ಇಲ್ಲ.”

ನಕ್ಕಿದ್ದೆಲ್ಲ ನೆನಪಾಗಿ ನಾಚಿಕೆಯಿಂದ ತಲೆ ತಗ್ಗಿಸಿದೆ.

ಸನ್ಮಾನದ ದಿನ ಅಜ್ಜನಿಗೆ ಶಾಲು ಹೊದಿಸಿದ ಮೇಲೆ ಆ ಚೀಟಿ ತೆಗೆದು ಮೊದಲ ಹೆಸರು ಓದಿದೆ. ಅಜ್ಜ ದಡಕ್ಕನೆ ಎದ್ದು ನಿಂತರು. “ಹಾಜರ್!” ಗಿರಣಿಯ ಸದ್ದು ಮೀರಿ ಕೂಗಿ ಪಳಗಿದ ಗಂಟಲು. ಎರಡನೆಯದಕ್ಕೂ ಅವರೇ, ಮೂರನೆಯದಕ್ಕೂ... ಏಳನೆಯ ಹೆಸರಿನ ಹೊತ್ತಿಗೆ ಪದಕ ತೊಟ್ಟ ಸೈನಿಕರೆಲ್ಲ ಎದ್ದು ಸೆಲ್ಯೂಟ್ ಹೊಡೆದರು. ಕಾರ್ಯದರ್ಶಿಯೂ ಎದ್ದರು. ಇವರು ನಮ್ಮೂರಿನವರು, ನಮ್ಮ ಗಿರಣಿ ಅಜ್ಜ ಎಂದು ನನ್ನ ಎದೆಯುಬ್ಬಿ ಬಂತು.

ಅಜ್ಜ ತೀರಿಹೋಗಿ ಎಷ್ಟೋ ವರ್ಷಗಳಾದವು. ಆ ಗಿರಣಿಯೂ ಈಗಿಲ್ಲ. ಮೊನ್ನೆ ಮನೆಗೆ ಬಂದು, ಹಿಟ್ಟಿನ ಡಬ್ಬಿ ಕೆಳಗಿಟ್ಟು, ಆ ಚೀಟಿ ಹುಡುಕಿದೆ. ಸಿಕ್ಕಿತು. ಕೊನೆಗೆ ಅಜ್ಜನ ಹೆಸರನ್ನೂ ಬರೆದು ಗಟ್ಟಿಯಾಗಿ ಓದಿದೆ. ಪ್ರತಿ ಹೆಸರಿಗೂ ನಾನೇ ಹಾಜರ್ ಎಂದೆ. ಎಂಟನೆಯದಕ್ಕೆ ಮಾತ್ರ ಅಜ್ಜನ ಹಾಗೆ ಎದ್ದು ನಿಂತು ಅಂದೆ.