ಸದ್ದಿಲ್ಲದ ಅಂಗಳದಲ್ಲಿ

ಮೈಸೂರಿನಲ್ಲಿ ಇಂದು ಗೆಳೆಯನನ್ನು ಕಾಣಲು ಅವನು ಪಾಠ ಹೇಳುವ ಕಿವುಡ ಮಕ್ಕಳ ಶಾಲೆಯ ಮುಂದೆ ಜಟಕಾದಿಂದಿಳಿದೆ. ಊಟದ ಬಿಡುವು. ಅಂಗಳದ ತುಂಬ ಮಕ್ಕಳು ಆಡುತ್ತಿದ್ದರೂ ಕೇಳುತ್ತಿದ್ದದ್ದು ಓಡುವ ಹೆಜ್ಜೆಗಳ ಸದ್ದು ಮಾತ್ರ. ಮಾತೆಲ್ಲ ಅವರ ಕೈಗಳಲ್ಲಿತ್ತು.

ಜಗಲಿಯಲ್ಲಿ ಹೆಡ್‌ಮಾಸ್ಟರ ಮುಂದೆ ಬೋರೇಗೌಡರೆಂಬ ರೈತರು ಕೈಮುಗಿದು ನಿಂತಿದ್ದರು. ಹುಟ್ಟಿನಿಂದ ಕಿವಿ ಕೇಳದ ಮಗಳು ಪುಟ್ಟತಾಯಿಯನ್ನು ಸೇರಿಸಲು ಹಳ್ಳಿಯಿಂದ ಕರೆತಂದಿದ್ದರು.

"ಹಾಸ್ಟೆಲ್ ಇರೋದು ಗಂಡು ಮಕ್ಕಳಿಗೆ ಮಾತ್ರ ಗೌಡ್ರೇ. ಮೈಸೂರಲ್ಲಿ ನಿಮ್ಮೋರು ಯಾರಾದ್ರೂ ಇದ್ರೆ ಅವರ ಮನೇಲಿಟ್ಟು ಕಳಿಸಿ."

"ಯಾರೂ ಇಲ್ಲ ಸ್ವಾಮಿ. ಇಲ್ಲೇ ಕಸ ಗುಡಿಸ್ಕೊಂಡು ಒಂದ್ ಮೂಲೇಲಿ ಬಿದ್ದಿರ್ತಾಳೆ."

"ನನ್ನ ಕೈಯಲ್ಲಿಲ್ಲ ಕಣ್ರೀ" ಎಂದು ಹೆಡ್‌ಮಾಸ್ಟರು ಒಳಗೆ ಹೋದರು.

ಅಷ್ಟರಲ್ಲಿ ಪುಟ್ಟತಾಯಿ ಅಂಗಳಕ್ಕಿಳಿದಿದ್ದಳು. ಶಾಲೆಯ ಹುಡುಗಿಯೊಬ್ಬಳು ಅವಳ ಬೆರಳುಗಳನ್ನು ಹಿಡಿದು, ತಿದ್ದಿ ತಿದ್ದಿ ಏನನ್ನೋ ಕಲಿಸುತ್ತಿದ್ದಳು. ಕೊನೆಗೆ ಅದು ಬಂತು. ಪುಟ್ಟತಾಯಿ ಬಾಯ್ತುಂಬ ನಕ್ಕಳು.

ಗೌಡರು ಅವಳ ರಟ್ಟೆ ಹಿಡಿದು ಕರೆದುಕೊಂಡು ಹೊರಟರು. ಗೇಟಿನ ಹೊರಗೆ ಅವಳು ಅಪ್ಪನಿಗೆ ಅಡ್ಡವಾಗಿ ನಿಂತು, ಎರಡು ಬೆರಳನ್ನು ಎದೆಗೆ ತಾಗಿಸಿ ಮುಂದಕ್ಕೆ ಚಾಚಿದಳು. ಅವರಿಗೆ ತಿಳಿಯಲಿಲ್ಲ. ಮತ್ತೆ ಮಾಡಿ ತೋರಿಸಿದಳು. ಮತ್ತೆ ಮತ್ತೆ, ಅಳುತ್ತ.

ಗೌಡರು ಗೇಟಿನ ಬಳಿ ನಿಂತಿದ್ದ ನನ್ನತ್ತ ತಿರುಗಿದರು. "ಏನಂತಾವಳೆ ಸ್ವಾಮಿ? ಓದ್ದೋರು ನೀವು, ವಸಿ ಹೇಳಿ."

ನನಗೂ ತಿಳಿಯಲಿಲ್ಲ. "ಇರಿ, ಬಂದೆ" ಎಂದು ಗೆಳೆಯನನ್ನು ಕರೆತರಲು ಒಳಗೆ ಓಡಿದೆ. ನಾವಿಬ್ಬರೂ ಬರುವಷ್ಟರಲ್ಲಿ ಅವರು ರಸ್ತೆಯ ತಿರುವು ಮುಟ್ಟಿದ್ದರು. ಮಗಳ ಎರಡೂ ಕೈಗಳನ್ನು ಗೌಡರು ತಮ್ಮ ಒಂದೇ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರು.