ಮಾವನ ಮಗ್ಗದಲ್ಲಿ ಕೂತದ್ದು

ಮೊನ್ನೆ ನಾನೂ ಪದ್ಮಳೂ ಹಿಂದೂಪುರದ ಒಂದು ಓಣಿಯಲ್ಲಿ ಹೋಗುತ್ತಿದ್ದಾಗ, ಹಂಡೆಯಲ್ಲಿ ಸೋಪು ಹಾಕಿ ರೇಷ್ಮೆ ನೂಲು ಬೇಯಿಸುವ ವಾಸನೆ ಮೂಗಿಗೆ ಬಡಿಯಿತು. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಮದುವೆ ನೆನಪಾಗುತ್ತದೆ. ಅದೂ ಹೇಗೆ ಆಗಬಾರದು ಎಂದು ಹಟ ಹಿಡಿದಿದ್ದೆನೋ ಹಾಗೆಯೇ ಆದ ನನ್ನ ಮದುವೆ.

ನೆನಪು ಅಂದೆನಲ್ಲ, ಅದನ್ನು ನೀವು ಪೂರ್ತಿ ನಂಬಬೇಡಿ. ದಿನಚರಿ ಬರೆಯುವ ಚಟದವನು ನಾನು. ಬರೆಯುವಾಗಲೇ ನನ್ನ ಮಾತನ್ನು ಒಂದಿಷ್ಟು ಚುರುಕು ಮಾಡಿ, ಎದುರಿನವರದನ್ನು ಒಂದಿಷ್ಟು ಮಂಕು ಮಾಡಿಬಿಡುತ್ತೇನೆ.

ಎಪ್ಪತ್ತರ ದಶಕದ ಕೊನೆ. ಎಂ.ಎ.ಯಲ್ಲಿ ನಾನೂ ಪದ್ಮಳೂ ಒಂದೇ ಕ್ಲಾಸು. ಆಗ ಶುರುವಾದ 'ನೀನು' ಇವತ್ತಿಗೂ ಉಳಿದಿದೆ. ಇಬ್ಬರದೂ ನೇಯ್ಗೆಯವರ ಮನೆತನ, ಎರಡೂ ಮನೆಯವರಿಗೆ ಸಂಬಂಧ ಒಪ್ಪಿಗೆ. ಆದರೆ ಅವಳ ಅಪ್ಪ ಹಿಂದೂಪುರದಲ್ಲಿ ಇನ್ನೂ ಸೀರೆ ನೇಯುತ್ತಿದ್ದರು. ನಮ್ಮಪ್ಪ ನಾನು ಹುಟ್ಟುವ ಮೊದಲೇ ಮಗ್ಗ ಬಿಟ್ಟು ಕಲ್ಯಾಣದುರ್ಗದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು. ಹಾಗಾಗಿ ನನಗೆ ಸೀರೆಯ ರೇಟು ಗೊತ್ತಿತ್ತು, ಸೀರೆ ಗೊತ್ತಿರಲಿಲ್ಲ.

ಮದುವೆಯೆಂದರೆ ಇಬ್ಬರ ಒಪ್ಪಂದ, ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕಿದರೆ ಮುಗಿಯಿತು ಎಂಬುದು ನನ್ನ ಸಿದ್ಧಾಂತ.

"ಇಬ್ರೇ ಹೋಗಿ ಬರೋಕೆ ಅದೇನು ಸಿನಿಮಾನಾ?" ಎಂದಳು ಪದ್ಮ. "ಮದ್ವೆ ಅಂದ್ರೆ ಮನೆಮಂದಿಯೆಲ್ಲ ಸೇರಿ ಮಾಡೋ ಕೆಲ್ಸ. ನಮ್ಮಪ್ಪ ನನ್ ಸೀರೆ ಆಗ್ಲೇ ಮಗ್ಗಕ್ಕೆ ಏರಿಸವ್ರೆ. ಬೇಡ ಅನ್ನೋದಾದ್ರೆ ನೀನೇ ಬಂದು ಹೇಳು."

ಹೇಳುತ್ತೇನೆ ಎಂದೆ. ಹೇಳಿದರೆ ಈ ಹುಡುಗಿ ಕೈತಪ್ಪುತ್ತಾಳೆ, ಹೇಳದಿದ್ದರೆ ನಾನೇ ನನಗೆ ಕೈತಪ್ಪುತ್ತೇನೆ. ಕಲ್ಯಾಣದುರ್ಗದಲ್ಲಿ ಹಿಂದೂಪುರದ ಬಸ್ಸು ಹತ್ತಿದವನು ಪೆನುಕೊಂಡ ದಾಟುವವರೆಗೂ ಭಾಷಣ ಕಟ್ಟಿದೆ. ತೆಲುಗಿನಲ್ಲಿ ಶುರುಮಾಡುವುದು, ಗಟ್ಟಿ ಮಾತನ್ನು ಕನ್ನಡದಲ್ಲಿ ಹೇಳುವುದು, ಮತ್ತೆ ತೆಲುಗಿನಲ್ಲಿ ಸಮಾಧಾನ ಮಾಡುವುದು.

ಅವಳ ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದರು. ನಾನು ಬಾಯಿ ತೆರೆಯುವುದರೊಳಗೆ ಎದ್ದು ಜಾಗ ಬಿಟ್ಟರು.

"ಬಾ ನಾಯ್ನಾ, ಕೂತ್ಕ. ಒಂದ್ ದಪ ಲಾಳಿ ಹೊಡಿ ನೋಡಾನ. ನಮ್ಮೋರ ರಕ್ತ ಅಲ್ವೇನಪ್ಪಾ!"

ಹಿರಿಯರು ಕರೆದಾಗ ಬೇಡ ಎನ್ನುವುದು ಹೇಗೆ? ಕೂತೆ. ಕೆಳಗೆ ತುಳಿದು, ಹಗ್ಗ ಎಳೆದೆ. ಲಾಳಿ ಆಚೆ ದಡ ಸೇರದೆ ನಡುವೆಯೇ ಮಲಗಿತು. ಅವರು ತಳ್ಳಿಕೊಟ್ಟರು. ಇನ್ನೊಮ್ಮೆ ಎಳೆದೆ, ಸೇರಿತು. ಅದನ್ನೇ ಕಾಯುತ್ತಿದ್ದವರಂತೆ ಅವಳ ಅಜ್ಜಿ ಒಳಗಿನಿಂದ ಓಡಿಬಂದು ನನ್ನ ಬಾಯಿಗೆ ಬೆಲ್ಲ ತುರುಕಿದರು.

"ಎಳೆ ಹಾಕ್ಬುಟ್ಟ ಕಣಮ್ಮಾ, ಅಲ್ಲುಡು ಎಳೆ ಹಾಕ್ಬುಟ್ಟ!"

ಮದುವೆ ಸೀರೆಗೆ ಅಲ್ಲುಡು, ಅಂದರೆ ಅಳಿಯನಾಗುವವನು, ಒಂದೆಳೆ ಹಾಕಿದರೆ ಓಲಗ, ಚಪ್ಪರ, ನೆಂಟರು, ಶಾಸ್ತ್ರ ಎಲ್ಲಕ್ಕೂ ಅವನು ಒಪ್ಪಿದಂತೆ. ಅದು ಆ ಮನೆಯ ರೂಢಿ. ಮಗ್ಗದ ಮನೆಯ ಹುಡುಗನಾಗಿದ್ದರೆ ವಾಸನೆ ಹಿಡಿದು ಕೈಕಟ್ಟಿ ನಿಲ್ಲುತ್ತಿದ್ದ. ನಾನು ಅಂಗಡಿಯವರ ಮಗ. ಬಾಯ್ತುಂಬ ಬೆಲ್ಲ ಇಟ್ಟುಕೊಂಡು ವ್ಯಕ್ತಿಸ್ವಾತಂತ್ರ್ಯದ ಬಗ್ಗೆ ಮಾತಾಡಲು ಯಾರಿಂದಲೂ ಆಗದು. ಬಾಗಿಲಲ್ಲಿ ನಿಂತಿದ್ದ ಪದ್ಮಳನ್ನು ನೋಡಿದೆ. ಗೆದ್ದವಳಂತೆ ನಕ್ಕಳು ಎಂದು ನನ್ನ ನೆನಪು.

ಓಲಗದೊಂದಿಗೇ ಮದುವೆಯಾಯಿತು. ಅದನ್ನು ನಾನು ತ್ಯಾಗವೆಂದೇ ತಿಳಿದುಕೊಂಡು ಬಂದವನು. ಜಗಳ ಸೋಲುವ ಹಂತಕ್ಕೆ ಬಂದಾಗ, "ನಿನಗೋಸ್ಕರ ನನ್ನ ಸಿದ್ಧಾಂತಾನೇ ಬಿಟ್ಟೆ" ಎನ್ನುವುದು ರೂಢಿ. ಮೊನ್ನೆ ಆ ಓಣಿಯಲ್ಲಿ ಜಗಳವಿಲ್ಲದೆಯೂ ಅಂದೆ.

ಪದ್ಮ ನಿಂತಳು.

"ನಾನವತ್ತು ನಗ್ಲಿಲ್ಲ ಕಣಪ್ಪ. ನೀನು ಹೇಳಿದ್ದೇ ಸರಿ ಅನ್ನಿಸಿ, ಬ್ಯಾಗ್ ತುಂಬ್ಕೊಂಡು ರೆಡಿಯಾಗಿ ನಿಂತಿದ್ದೆ. ಬೇಡ ಅಂತ ನೀನೊಂದು ಮಾತು ಅಂದಿದ್ರೆ ನಿನ್ ಹಿಂದೇನೇ ಬಸ್ ಹತ್ತುತಿದ್ದೆ. ನೋಡಿದ್ರೆ, ಗುಂಡೀಲಿ ಕೂತು ಲಾಳಿ ಹೊಡೀತಾವ್ನೆ!"

"ಮತ್ತೆ ಯಾಕೆ ಹೇಳಲಿಲ್ಲ?"

"ನಿಂಗೇ ಶಾಸ್ತ್ರದ ಆಸೆ ಹುಟ್ಟೈತೆ ಅನ್ಕಂಡೆ. ಹೋಗ್ಲಿ, ಇವನಿಗೋಸ್ಕರ ಅಂತ ಸುಮ್ನಾದೆ."

ಹಾಗಾದರೆ ಅಷ್ಟು ದೊಡ್ಡ ಮದುವೆ ಬೇಕಾಗಿದ್ದದ್ದು ಯಾರಿಗೆ? ಅಜ್ಜಿಗಿರಬೇಕು. ಸ್ವಲ್ಪ ದೂರ ನಡೆದ ಮೇಲೆ, ಬ್ಯಾಗಿನಲ್ಲಿ ಏನಿತ್ತು ಎಂದು ಕೇಳಿದೆ.

"ನಂದು ಎರಡು ಸೀರೆ. ನಿಂಗೊಂದು ಹೊಸ ಅಂಗಿ. ಸಹಿ ಹಾಕೋಕೂ ಆ ಕಾಲರ್ ಹರಿದಿದ್ದನ್ನೇ ಹಾಕ್ಕಂಡು ಬತ್ತೀಯ ಅಂತ ಗೊತ್ತಿತ್ತು."

"ಅದೇನಾಯ್ತು?"

"ತಮ್ಮಂಗೆ ಕೊಟ್ಟೆ. ನಮ್ ಮದ್ವೇಲಿ ಹಾಕ್ಕಂಡಿದ್ನಲ್ಲ."

ತಿಳಿನೀಲಿ ಅಂಗಿ. ಓಲಗದವರ ಪಕ್ಕದಲ್ಲಿ ನಿಂತಿದ್ದ. ಇದೊಂದು ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಅಥವಾ, ಮೊನ್ನೆಯಿಂದ ನೆನಪಾಗತೊಡಗಿದೆ.