ಬಸ್ಸಿನ ದಾರಿಯಲ್ಲಿ ಮೇಷ್ಟ್ರು

ಆ ಊರಿನಲ್ಲಿ ಕಾರು ಓಡಿಸುವವರಲ್ಲಿ ಅರ್ಧಕ್ಕರ್ಧ ಜನ ಮೇಷ್ಟ್ರ ಕೈಯಲ್ಲಿ ಪಳಗಿದವರೇ. ಪಾಠಶಾಲೆಯ ಮೇಷ್ಟ್ರಲ್ಲ, ಎರಡು ಬ್ರೇಕಿನ ಕಾರಿನ ಮೇಷ್ಟ್ರು. ಕಲಿಯುವವರ ಕಾಲಡಿ ಒಂದು ಬ್ರೇಕು, ಪಕ್ಕದಲ್ಲಿ ಕೂತ ಇವರ ಕಾಲಡಿ ಇನ್ನೊಂದು. ಆಯುಷ್ಯವೆಲ್ಲ ಆ ಎರಡನೆಯ ಬ್ರೇಕಿನ ಮೇಲೆಯೇ ಕಳೆದಿದ್ದರಿಂದ, ಮನೆಯಲ್ಲಿ ಹೆಂಡತಿಯ ಮಾತು ಜೋರಾದರೆ ಸಾಕು, ಭಾವನ ಬಲಗಾಲು ತಾನಾಗಿಯೇ ನೆಲ ಒತ್ತುತ್ತದೆ ಎಂದು ಭಾವಮೈದುನ ನಗಿಸುತ್ತಿದ್ದ.

ಮೇಷ್ಟ್ರಿಗೆ ಒಂದು ಹೆಮ್ಮೆಯಿತ್ತು. ಇಷ್ಟು ವರ್ಷದಲ್ಲಿ ಅವರು ದಂಡ ಕಟ್ಟಿದವರಲ್ಲ. ಹೆಮ್ಮೆ ಇದ್ದರೆ ಇರಲಿ, ಅದನ್ನು ಜೇಬಿನಲ್ಲಿಟ್ಟುಕೊಂಡಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಇವರು ಅದನ್ನು ಕಂಡಕಂಡಲ್ಲಿ ಹೊರತೆಗೆದು ಒರೆಸಿ ತೋರಿಸುತ್ತಿದ್ದರು.

ಫ್ರಿಜ್ ರಿಪೇರಿ ಮಾಡುವ ಆ ಭಾವಮೈದುನನಿಗೇ ಒಮ್ಮೆ ನಿಲ್ದಾಣದ ರಸ್ತೆಯ ಬಸ್ ಪಥದಲ್ಲಿ ವ್ಯಾನು ಓಡಿಸಿದ್ದಕ್ಕೆ ದಂಡ ಬಿತ್ತು. ಅಕ್ಕನ ಮನೆಗೆ ಊಟಕ್ಕೆ ಬಂದವನು ಅದನ್ನೇ ಹೇಳಿಕೊಂಡು ಗೋಳಾಡಿದ. "ಆ ಬೋರ್ಡು ಒಂದು ಗೋಜಲು ಭಾವ. ಮೇಲೊಂದು ಬರೆದಿದ್ದಾರೆ, ಕೆಳಗೊಂದು ಬರೆದಿದ್ದಾರೆ. ಓದಿ ಮುಗಿಸೋ ಹೊತ್ತಿಗೆ ಕ್ಯಾಮೆರಾ ಫೋಟೋ ಹೊಡೆದಿತ್ತು."

"ಗೋಜಲು ಬೋರ್ಡಲ್ಲಲ್ಲ ಕಣಯ್ಯ, ನಿನ್ನ ತಲೇಲಿ," ಎಂದರು ಮೇಷ್ಟ್ರು. "ಓದೋಕೆ ಬರದೋನು ಸ್ಟೇರಿಂಗ್ ಯಾಕೆ ಹಿಡೀಬೇಕು? ನನ್ನ ಹತ್ರ ಕಲಿಯೋ ಹೆಂಗಸರು ನಿನಗಿಂತ ವಾಸಿ."

ಭಾವಮೈದುನ ತಟ್ಟೆಯಲ್ಲಿದ್ದುದನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆದ. ಅಂದಿನಿಂದ ಅಕ್ಕನ ಮನೆಗೆ ಅವನು ಬರುವುದೂ ಕಡಿಮೆಯಾಯಿತು.

ಆ ದಿನಗಳಲ್ಲಿ ಮೇಷ್ಟ್ರ ಬಳಿ ಕಲಿಯುತ್ತಿದ್ದವರಲ್ಲಿ ಹೂವಿನ ಅಂಗಡಿಯಾಕೆ ಒಬ್ಬಳು. ಮಾರುಕಟ್ಟೆಯಿಂದ ಹೂವು ತರುವ ವ್ಯಾನನ್ನು ಗಂಡ ಓಡಿಸುತ್ತಿದ್ದ. ಅವನ ಕಣ್ಣು ವರ್ಷದಿಂದ ವರ್ಷಕ್ಕೆ ಮಂಜಾಗುತ್ತ ಬಂದು, ಕೊನೆಗೆ ವೈದ್ಯರು ಇನ್ನು ಗಾಡಿ ಮುಟ್ಟಬಾರದು ಎಂದುಬಿಟ್ಟಿದ್ದರು. ಈಗ ಆಕೆ ಕಲಿಯಲೇಬೇಕಿತ್ತು. ಮೊದಮೊದಲು ಸ್ಟೇರಿಂಗನ್ನು ಹಾವಿನ ಕತ್ತು ಹಿಡಿದ ಹಾಗೆ ಹಿಡಿಯುತ್ತಿದ್ದವಳು, ಈಚೆಗೆ ಗೇರು ಬದಲಿಸುವಾಗ ಕೆಳಗೆ ನೋಡುವುದನ್ನು ಬಿಟ್ಟಿದ್ದಳು. ಮೇಷ್ಟ್ರು ಹೇಳಿದ್ದು ಅವಳಿಗೆ ವೇದವಾಕ್ಯ. ಎಡ ಎಂದರೆ ಎಡ, ನಿಲ್ಲಿಸಿ ಎಂದರೆ ನಿಲ್ಲಿಸುತ್ತಿದ್ದಳು.

ಒಂದು ಮಧ್ಯಾಹ್ನ ಇಬ್ಬರೂ ನಿಲ್ದಾಣದ ರಸ್ತೆಗೆ ಬಂದರು. ಮುಂದೆ ಒಂದು ಲಾರಿ ಕೆಟ್ಟು ನಿಂತಿತ್ತು, ಹಿಂದಿನವರು ಹಾರ್ನು ಹೊಡೆಯುತ್ತಿದ್ದರು. ಎಡಗಡೆಯ ಬಸ್ ಪಥ ಖಾಲಿ ಹೊಡೆಯುತ್ತಿತ್ತು. ಮಧ್ಯಾಹ್ನದ ಹೊತ್ತಿನಲ್ಲಿ ಅದು ಎಲ್ಲರಿಗೂ ತೆರೆದಿರುತ್ತದೆಂದು ಮೇಷ್ಟ್ರಿಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಅವರು ಬೋರ್ಡಿನ ಕಂಬದ ಕಡೆ ಕಣ್ಣೆತ್ತಿ ನೋಡಲಿಲ್ಲ.

"ಎಡಕ್ಕೆ ತಗೊಳ್ಳಿ," ಎಂದರು.

ಆಕೆ ಎಡಕ್ಕೆ ತೆಗೆದುಕೊಂಡಳು. ಲಾರಿ ದಾಟಿದ ಮೇಲೂ ಅದೇ ದಾರಿಯಲ್ಲಿ ಮುಂದಿನ ವೃತ್ತದವರೆಗೆ ಹೋದರು. "ಭೇಷ್, ಇವತ್ತು ಚೆನ್ನಾಗಿ ಓಡಿಸಿದಿರಿ," ಎಂದು ಮೇಷ್ಟ್ರು ಹೊಗಳಿದರು. ಆಕೆಯ ಮುಖ ಅರಳಿತು.

ಕೆಲವು ದಿನಗಳ ಮೇಲೆ ಡ್ರೈವಿಂಗ್ ಶಾಲೆಯ ಯಜಮಾನ ಮೇಷ್ಟ್ರನ್ನು ಒಳಗೆ ಕರೆದ. ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಬಸ್ ಪಥ, ಅದರ ಮಧ್ಯೆ ಶಾಲೆಯ ಕಾರು. ಹಿಂಬದಿಗೆ ಅಂಟಿಸಿದ ಕೆಂಪು 'ಎಲ್' ಕೂಡ ಸ್ಪಷ್ಟವಾಗಿತ್ತು.

"ಏನ್ ಮೇಷ್ಟ್ರೇ ಇದು? ಬೇಲಿನೇ ಎದ್ದು ಹೊಲ ಮೇಯ್ದಂಗಾಯ್ತಲ್ಲ!" ಯಜಮಾನ ನಗುತ್ತಲೇ ಕೇಳಿದ. ಹೊರಗೆ ಬೆಂಚಿನ ಮೇಲೆ ಹೊಸದಾಗಿ ಸೇರಿದವರು ಕೂತಿದ್ದರು. ಬಾಗಿಲು ತೆರೆದೇ ಇತ್ತು.

ಮೇಷ್ಟ್ರ ಕಿವಿ ಕಾದವು. ಭಾವಮೈದುನ ಅರ್ಧಕ್ಕೆ ಬಿಟ್ಟ ತಟ್ಟೆ ಕಣ್ಣಮುಂದೆ ಬಂತು. ಬಾಯಿ ಮಾತ್ರ ತನ್ನಷ್ಟಕ್ಕೆ ತಾನೇ ಹೇಳಿತು: "ಹೂವಿನಂಗಡಿಯವರು ಓಡಿಸ್ತಿದ್ರು. ನಾನು ಬ್ರೇಕ್ ಹಾಕೋದ್ರೊಳಗೆ ನುಗ್ಗಿಸಿಬಿಟ್ರು."

ಅರ್ಧ ನಿಜ. ಸ್ಟೇರಿಂಗ್ ಹಿಡಿದವಳು ಅವಳೇ ತಾನೆ? ಆ ಅರ್ಧವನ್ನು ಅಪ್ಪಿಕೊಂಡೇ ಮೇಷ್ಟ್ರು ಹೊರಬಂದರು.

ಯಜಮಾನ ಆಕೆಯನ್ನು ಕರೆಸಿ ವಿಷಯ ಹೇಳಿದ. ಸಂಜೆ ಮೇಷ್ಟ್ರು ಕಾರು ಒರೆಸುತ್ತಿದ್ದಾಗ ಆಕೆ ಹತ್ತಿರ ಬಂದು ನಿಂತಳು. ಬೈಯುತ್ತಾಳೆಂದು ಅವರು ಮೈ ಬಿಗಿ ಮಾಡಿಕೊಂಡರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಕ್ಷಮಿಸಿ ಸಾರ್," ಎಂದಳು. "ನನ್ನಿಂದ ನಿಮಗೆ ಕೆಟ್ಟ ಹೆಸರು ಬಂತು. ದಂಡ ನಾನೇ ಕಟ್ಟಿದೀನಿ. ನಾಳೆಯಿಂದ ಬರಲ್ಲ. ನನ್ನಂಥವಳಿಗೆ ಇದೆಲ್ಲ ಒಗ್ಗಲ್ಲ ಅಂತ ಕಾಣುತ್ತೆ."

ಬಟ್ಟೆ ಹಿಡಿದ ಮೇಷ್ಟ್ರ ಕೈ ಗಾಜಿನ ಮೇಲೆ ನಿಂತಿತು. ಒಂದು ಮಾತು, ಒಂದೇ ಒಂದು ಮಾತು ಆಡಬೇಕಿತ್ತು. "ಹಾಗೆಲ್ಲ ಅನ್ಕೋಬೇಡಿ," ಎಂದರು, ಅಷ್ಟೇ. ದೊಡ್ಡ ಮನಸ್ಸು ಮಾಡಿ ಕ್ಷಮಿಸಿದವರ ದನಿಯಲ್ಲಿ! ಆಕೆ ತಲೆ ತಗ್ಗಿಸಿ ಹೋದಳು.

ಮರುದಿನ ಮೇಷ್ಟ್ರು ನಿಲ್ದಾಣದ ರಸ್ತೆಗೆ ನಡೆದೇ ಹೋದರು. ಕಂಬದ ಕೆಳಗೆ ನಿಂತು ತಲೆಯೆತ್ತಿದರು. ಹಳೆಯ ಫಲಕದಲ್ಲಿ ಬಸ್ಸಿಗೆ ಮೀಸಲಾದ ಬೆಳಗಿನ ಹೊತ್ತು, ಸಂಜೆಯ ಹೊತ್ತು ಹಾಗೆಯೇ ಇದ್ದವು. ಅದನ್ನು ಕಿತ್ತುಹಾಕದೆ ಅದರ ಕೆಳಗೇ ಹೊಸದೊಂದನ್ನು ಹೊಡೆದಿದ್ದರು: ದಿನವಿಡೀ ಬಸ್ಸಿಗೆ ಮಾತ್ರ, ರಜಾದಿನ ಹೊರತು, ಎಡಕ್ಕೆ ತಿರುಗುವವರು ಗೆರೆ ತುಂಡಾದಲ್ಲಿ ಬರಬಹುದು. ರಸ್ತೆಯ ಮೇಲಿನ ಗೆರೆಯಂತೂ ಸವೆದು ಎಲ್ಲ ಕಡೆಯೂ ತುಂಡಾಗಿತ್ತು. ಮೇಷ್ಟ್ರು ಮೇಲಿಂದ ಕೆಳಕ್ಕೆ ಓದಿದರು, ಕೆಳಗಿಂದ ಮೇಲಕ್ಕೆ ಓದಿದರು. ಇಷ್ಟು ವರ್ಷ ಬೋರ್ಡು ಓದಿಸಿದ ಮನುಷ್ಯನಿಗೆ ತಲೆಬುಡ ತಿಳಿಯಲಿಲ್ಲ.

ಅಲ್ಲಿ ನಿಂತಾಗ ಕ್ಷಣಹೊತ್ತು ಎದೆ ಹಗುರಾಯಿತು. ತಪ್ಪು ಬೋರ್ಡಿನದು! ಮರುಕ್ಷಣವೇ ಮತ್ತೆ ಭಾರವಾಯಿತು. ಬೋರ್ಡು ಗೋಜಲಾಗಿತ್ತು, ಸರಿ. 'ಎಡಕ್ಕೆ ತಗೊಳ್ಳಿ' ಎಂದ ತಮ್ಮ ಮಾತಿನಲ್ಲಿ ಗೋಜಲೇನಿತ್ತು? ಯಜಮಾನನ ಮುಂದೆ ಆಡಿದ ಮಾತಿನಲ್ಲಿ?

ಆ ರಾತ್ರಿ ಮೇಷ್ಟ್ರು ಅರ್ಧ ಊಟಕ್ಕೇ ಎದ್ದರು. ಹೆಂಡತಿ ಕೆದಕಿ ಕೆದಕಿ ಕೇಳಿದ ಮೇಲೆ ಎಲ್ಲವನ್ನೂ ಹೇಳಿದರು. ಆಕೆ ಪಾತ್ರೆಗಳನ್ನು ಎತ್ತಿಡುತ್ತ ಕೇಳಿಸಿಕೊಂಡಳು. ಕೊನೆಗೆ, "ನನ್ನ ತಮ್ಮನಿಗೆ ಅಂದಿದ್ದನ್ನ ಹೇಗೋ ಮರೆತೆ," ಎಂದಳು. "ಇದನ್ನ ಮರೆಯೋಕಾಗಲ್ಲ. ಆ ಹೆಣ್ಣುಮಗಳ ಮನೆಗೆ ಹೋಗಿಬನ್ನಿ. ಫೋನಲ್ಲಿ ಹೇಳಿ ಕೈ ತೊಳ್ಕೋಬೇಡಿ."

ಹೂವಿನಂಗಡಿಯಲ್ಲಿ ಬಕೆಟ್ಟುಗಳ ನಡುವೆ ಕಾಲಿಡಲು ಜಾಗವಿರಲಿಲ್ಲ. ಆಕೆ ಗುಲಾಬಿ ಕಡ್ಡಿಗಳ ಮುಳ್ಳು ಸವರುತ್ತಿದ್ದಳು. ಗಂಡ ದನಿಯಿಂದಲೇ ಗುರುತು ಹಿಡಿದು, ಕೈಯಿಂದ ತಡವಿ ಕುರ್ಚಿ ಎಳೆದುಕೊಟ್ಟ.

"ಬನ್ನಿ ಮೇಷ್ಟ್ರೇ. ಇವಳಿಗೆ ನೀವಾದರೂ ಬುದ್ಧಿ ಹೇಳಿ. ತಪ್ಪು ಯಾರು ಮಾಡಲ್ಲ? ಒಂದು ಸಲ ಬಸ್ಸಿನ ದಾರಿಗೆ ನುಗ್ಗಿಸಿದಳು ಅಂತ ಕಲಿಯೋದನ್ನೇ ಬಿಡೋದಾ? ಹೂವು ತರೋಕೆ ಬಾಡಿಗೆ ಗಾಡಿಯವನ ಕಾಲು ಹಿಡಿಯೋ ಹಾಗಾಗಿದೆ."

ಮೇಷ್ಟ್ರು ಕೂರಲಿಲ್ಲ. "ನುಗ್ಗಿಸಿದ್ದು ಅವರಲ್ಲ," ಎಂದರು. "ನಾನು ಹೇಳಿದೆ, ಅವರು ತಿರುಗಿಸಿದರು. ಬೋರ್ಡು ನೋಡದೆ ಹೇಳಿದೆ. ಆಮೇಲೆ ಯಜಮಾನರ ಹತ್ರ ಸುಳ್ಳು ಹೇಳಿದೆ. ನಿಮ್ಮ ಮನೆಯವರೇ ಬಂದು ನನ್ನ ಹತ್ರ ಕ್ಷಮೆ ಕೇಳಿದಾಗಲೂ ಬಾಯಿ ಬಿಡಲಿಲ್ಲ."

ಗಂಡನ ಮುಖದ ನಗು ಮೆಲ್ಲಗೆ ಆರಿತು. ಮುಳ್ಳು ಸವರುವ ಚಾಕುವಿನ ಸದ್ದು ನಿಂತಿತು.

"ನೀವು ಎಡಕ್ಕೆ ಅಂದದ್ದು ನನಗೆ ನೆನಪಿತ್ತು ಸಾರ್," ಎಂದಳು ಆಕೆ. "ಆದರೆ ನೀವು ತಪ್ಪು ಹೇಳಿರಲ್ಲ, ನಾನೇ ತಪ್ಪು ಕೇಳಿಸಿಕೊಂಡಿರಬೇಕು ಅನ್ಕೊಂಡೆ. ನನ್ನ ಕಿವಿಯನ್ನೇ ನಂಬದ ಹಾಗಾಗಿತ್ತು."

ಮೇಷ್ಟ್ರು ನಿಂತಲ್ಲೇ ಕುಗ್ಗಿಹೋದರು. ಅವಳು ಕಟ್ಟಿದ ದಂಡದ ಹಣವನ್ನು ಕೊಡಲು ಹೋದರು. ಆಕೆ ಬೇಡವೆನ್ನಲಿಲ್ಲ, ತೆಗೆದುಕೊಂಡು ಗಲ್ಲಾಪೆಟ್ಟಿಗೆಗೆ ಹಾಕಿದಳು. ಪರವಾಗಿಲ್ಲ ಎಂದೂ ಅನ್ನಲಿಲ್ಲ. ಮತ್ತೆ ಚಾಕು ಎತ್ತಿಕೊಂಡಳು.

ಅಲ್ಲಿಂದ ನೇರವಾಗಿ ಯಜಮಾನನ ಬಳಿ ಹೋಗಿ, ಬೆಂಚಿನ ಮೇಲಿನವರಿಗೂ ಕೇಳುವ ಹಾಗೆ, ತಪ್ಪು ತಮ್ಮದೆಂದು ಹೇಳಿದರು. ಯಜಮಾನ ಪಿಳಿಪಿಳಿ ನೋಡಿ, "ಇಷ್ಟಕ್ಕೆಲ್ಲ ಯಾಕ್ರೀ ರಂಪ," ಎಂದು ಫೋನೆತ್ತಿಕೊಂಡ. ಭಾವಮೈದುನನ ಮನೆಗೂ ಹೋಗಿ ನಡೆದದ್ದನ್ನೆಲ್ಲ ಹೇಳಿದರು. ಅವನು ಬಿದ್ದು ಬಿದ್ದು ನಕ್ಕ, ಬೆನ್ನು ತಟ್ಟಿದ. ಭಾನುವಾರ ಊಟಕ್ಕೆ ಬರುತ್ತೇನೆಂದ. ಅವನ ನಗು ಮೇಷ್ಟ್ರಿಗೆ ಔಷಧಿಯಂತೆ ಕಹಿಯಾಗಿತ್ತು, ಔಷಧಿಯಂತೆ ಬೇಕಾಗಿಯೂ ಇತ್ತು.

ಹೂವಿನಂಗಡಿಯಾಕೆ ವಾರ ಕಳೆದು ಶಾಲೆಗೆ ಮರಳಿದಳು. ಆದರೆ ಮೇಷ್ಟ್ರ ಕಾರಿಗಲ್ಲ. ಶಾಲೆಯಲ್ಲಿ ಹೊಸದಾಗಿ ಸೇರಿದ್ದ ಹೆಣ್ಣು ಮೇಷ್ಟ್ರ ಕಾರಿಗೆ. ಯಾರೂ ಕಾರಣ ಕೇಳಲಿಲ್ಲ. ಅಂಗಳದಲ್ಲಿ ಎದುರಾದರೆ ಮೊದಲಿನ ಹಾಗೆಯೇ "ನಮಸ್ಕಾರ ಸಾರ್" ಎನ್ನುತ್ತಿದ್ದಳು. ಆ 'ಸಾರ್' ಮೇಷ್ಟ್ರ ಮೈಮೇಲೆ ಚಡಿಯೇಟಿನಂತೆ ಬೀಳುತ್ತಿತ್ತು.

ಮೊದಲ ಪರೀಕ್ಷೆಯಲ್ಲೇ ಆಕೆ ಪಾಸಾದಳು. ಸುದ್ದಿ ಬಂದ ದಿನ ಶಾಲೆಯವರೆಲ್ಲ ಚಪ್ಪಾಳೆ ತಟ್ಟಿದರು. ಮೇಷ್ಟ್ರೂ ತಟ್ಟಿದರು, ಎಲ್ಲರ ಹಿಂದೆ ನಿಂತು. ಸಂಜೆ ಮನೆಗೆ ಬಂದಾಗ ಹೆಂಡತಿ ಮುಖ ನೋಡಿ, "ಯಾಕೆ, ಇಷ್ಟು ಕೆಂಪಗಾಗಿದೀರಿ?" ಎಂದಳು.

"ಬಿಸಿಲು," ಎಂದರು ಮೇಷ್ಟ್ರು. ಚಪ್ಪಲಿ ಬಿಟ್ಟು ಒಳಗೆ ಬಂದು, ಅವಳ ಎದುರು ಕೂತು, "ಬಿಸಿಲಲ್ಲ. ನಾಚಿಕೆ," ಎಂದರು.